ವಠಾರಕ್ಕೊಂದೇ ಕುರ್ಚಿ

ಹೋದ ತಿಂಗಳು ಮೆಟ್ರೋದಲ್ಲಿ ಒಬ್ಬ ಹೆಂಗಸು ಬಂದು ನನ್ನ ಪಕ್ಕ ಕುಳಿತರು. ನಾನು ಎಂದಿನಂತೆ ಸೀಟಿನ ತುದಿಯಲ್ಲಿದ್ದೆ. ನಿಲ್ದಾಣ ಬರುವುದಕ್ಕೆ ಎರಡು ನಿಲ್ದಾಣ ಮೊದಲೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಕಾಯುವುದು ನನ್ನ ಹುಟ್ಟುಗುಣ. ಆಗ ಆ ವಾಸನೆ ಬಂತು. ಇದ್ದಿಲ ಪುಡಿ, ಮರದ ಹೊಟ್ಟು, ಅಂಟು, ನೀರು ಎಲ್ಲ ಸೇರಿಸಿ ಕಲಸಿದ ವಾಸನೆ. ಸುಗಂಧ ಹಾಕುವ ಮೊದಲು ಊದುಬತ್ತಿ ಹೀಗೇ ನಾರುತ್ತದೆ. ಅಂಗಡಿಯಲ್ಲಿ ಕೊಂಡು ದೇವರ ಮುಂದೆ ಹಚ್ಚುವವರಿಗೆ ಇದು ಗೊತ್ತಿರುವುದಿಲ್ಲ. ಆಕೆಯ ಕೈ ನೋಡಿದೆ. ಬೆರಳ ಸಂದುಗಳೂ ಉಗುರಿನ ಅಂಚುಗಳೂ ಕಪ್ಪಾಗಿದ್ದವು. ಅತ್ತಿಗುಪ್ಪೆ ಬಂದಾಗ ನಾನು ದಡಕ್ಕನೆ ಎದ್ದು ಇಳಿದುಬಿಟ್ಟೆ. ನಾನು ಇಳಿಯಬೇಕಾದದ್ದು ಅಲ್ಲಲ್ಲ. ಪ್ಲಾಟ್‌ಫಾರಂ ಮೇಲೆ ನಿಂತು ನನ್ನನ್ನೇ ಬೈದುಕೊಂಡು, ಮುಂದಿನ ಗಾಡಿ ಹತ್ತಿ ಮನೆ ಸೇರಿದೆ. ಮನೆ ಸೇರಿದರೂ ಮನಸ್ಸು ಮನೆಗೆ ಬರಲಿಲ್ಲ.

ಆ ವಾಸನೆ ನನಗೆ ಪರಿಚಯವಾದದ್ದು ಕೊರೊನಾ ಕಳೆದು ಶಾಲೆಗಳೆಲ್ಲ ಮತ್ತೆ ಸರಿಯಾಗಿ ತೆರೆದ ವರ್ಷ. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೊಳೆತಿದ್ದ ನನಗೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ಊರು ಬಿಟ್ಟು ಬೆಂಗಳೂರಿಗೆ ಬಂದವರು ಹೇಗೆ ಬದುಕುತ್ತಿದ್ದಾರೆ, ಅವರಲ್ಲಿ ತೀರಾ ಬಡವರು ಯಾರು, ಅವರಿಗೆ ಕೈಗೆ ಹಣ ಕೊಟ್ಟರೆ ಏನಾಗುತ್ತದೆ ಎಂಬುದು ಅಧ್ಯಯನದ ವಿಷಯ. ಹೆಸರಿಗೆ ಸಂಶೋಧನಾ ಸಹಾಯಕಿ. ನಿಜವಾಗಿ ನನ್ನ ಕೆಲಸ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಟ್ಯಾಬು ಹಿಡಿದು, ಬಿಸಿಲಲ್ಲಿ ಮನೆಮನೆ ಸುತ್ತುವುದು. ನನ್ನ ಪಾಲಿಗೆ ಬಂದದ್ದು ಮೂಡಲಪಾಳ್ಯದ ಸುತ್ತಮುತ್ತ.

ಮೂಡಲಪಾಳ್ಯ ನಾನು ಹುಟ್ಟಿ ಬೆಳೆದ ಜಾಗ. ನಮ್ಮ ತಾತ ಅಲ್ಲಿ ರಾಗಿ ಬೆಳೆದಿದ್ದರು. ಅಪ್ಪ ಅದೇ ನೆಲದಲ್ಲಿ ಬಾಡಿಗೆ ಮನೆ ಬೆಳೆದರು. ಮಹಡಿಯ ಮೇಲೆ ಮಹಡಿ, ಅದರ ಮೇಲೆ ತಗಡಿನ ಶೀಟು, ಪ್ರತಿಯೊಂದರಲ್ಲೂ ಒಂದು ಸಂಸಾರ. ನನ್ನ ಹೊಸ ಕೆಲಸದ ವಿಷಯ ಕೇಳಿ ಅಪ್ಪ ಕಾಫಿ ಲೋಟ ಕೆಳಗಿಟ್ಟು ನಕ್ಕರು.

"ಬಡವರು ಯಾರು ಅಂತ ಕಂಡುಹಿಡಿಯಕ್ಕೆ ಎಂ.ಎ. ಓದ್ಬೇಕೇನಮ್ಮಾ? ನನ್ನ ಕೇಳಿದ್ರೆ ಕೂತಲ್ಲೇ ಹೇಳ್ತಿದ್ದೆ."

"ನೀವು ಹೇಳಿದ್ರೆ ಅದು ಚಾಡಿ ಅಪ್ಪಾ. ನಾವು ಹೇಳಿದ್ರೆ ಡೇಟಾ," ಎಂದೆ. ಆ ವಯಸ್ಸಿಗೆ ನನ್ನ ಬಾಯಿಗೆ ಬೀಗ ಇರಲಿಲ್ಲ.

ನಮ್ಮ ಅಧ್ಯಯನದ ಮುಖ್ಯಸ್ಥರು ಶ್ರೀಕಂಠ ಸಾರ್. ಒಳ್ಳೆಯ ಮನುಷ್ಯ, ಬಡತನದ ಬಗ್ಗೆ ಜೀವಮಾನವಿಡೀ ಯೋಚಿಸಿದವರು. ಅವರು ನಮಗೆ ಮೊದಲ ದಿನವೇ ಹೇಳಿದ ಸೂತ್ರ ಒಂದೇ: ಕೇಳಬೇಡಿ, ನೋಡಿ. ಮನೆಯಲ್ಲಿ ಏನಿದೆ ಎಂದು ಕೇಳಿದರೆ ಜನ ಕಡಿಮೆ ಹೇಳುತ್ತಾರೆ, ಏನೋ ಸಿಗಬಹುದು ಎಂಬ ಆಸೆಗೆ. ಆದ್ದರಿಂದ ಕಣ್ಣಿಗೆ ಕಂಡದ್ದನ್ನು ಬರೆಯಬೇಕು. ಅನುಮಾನ ಬಂದರೆ ಮಾತ್ರ "ಇದು ನಿಮ್ಮದೇನಾ" ಎಂದು ಒಂದು ಸಲ ಕೇಳಬೇಕು. ಕುರ್ಚಿ, ಮಂಚ, ಫ್ಯಾನು, ಮಿಕ್ಸಿ, ನೆಲ, ಸೂರು, ಎಲ್ಲಕ್ಕೂ ಅಂಕ. ಅಂಕಗಳನ್ನು ಕೂಡಿಸಿ ಒಂದು ಗೆರೆ. ಗೆರೆಯ ಕೆಳಗೆ ಬಿದ್ದ ಮನೆಗಳಿಗೆ ಎರಡು ವರ್ಷ ಪ್ರತಿ ತಿಂಗಳೂ ಹೆಂಗಸಿನ ಖಾತೆಗೆ ಹಣ ಹೋಗುತ್ತದೆ. ಈ ಹಣದ ವಿಷಯವನ್ನು ಮಾತ್ರ ಮನೆಯವರಿಗೆ ಮೊದಲೇ ಹೇಳುವಂತಿಲ್ಲ. ಹೇಳಿದರೆ ಎಲ್ಲರೂ ಬಡವರಾಗಿಬಿಡುತ್ತಾರೆ ಎನ್ನುತ್ತಿದ್ದರು ಸಾರ್.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ನಾನು ಒಂದು ವಠಾರಕ್ಕೆ ಕಾಲಿಟ್ಟೆ. ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ. ಒಂದೇ ಸಾಲಿನಲ್ಲಿ ಒಂಬತ್ತು ಮನೆ, ಒಂದೊಂದೇ ಕೋಣೆ, ಎದುರಿಗೆ ಒಂದು ಬಟ್ಟೆ ಒಗೆಯುವ ಕಲ್ಲು, ಒಂದು ನಲ್ಲಿ. ಬಹುತೇಕ ಉತ್ತರ ಕರ್ನಾಟಕದ ಸಂಸಾರಗಳು. ಗಂಡಸರು ಕಟ್ಟಡದ ಕೆಲಸಕ್ಕೆ ಕೆಂಗೇರಿಯ ಕಡೆ ಹೋದರೆ ವಾರಗಟ್ಟಲೆ ಅಲ್ಲೇ. ಹೆಂಗಸರು ಬಾಗಿಲಲ್ಲಿ ನೆಲದ ಮೇಲೆ ಕಾಲು ಚಾಚಿ, ಮುಂದೆ ಮಣೆ ಇಟ್ಟುಕೊಂಡು, ಊದುಬತ್ತಿ ಹೊಸೆಯುತ್ತಿದ್ದರು. ಒಂದು ಕಡ್ಡಿ, ಒಂದು ಚಿಟಿಕೆ ಕಪ್ಪು ಹಿಟ್ಟು, ಅಂಗೈಯಲ್ಲಿ ಒಂದು ಉಜ್ಜು. ನಾನು ಒಂದು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಹತ್ತು ಕಡ್ಡಿ ಆಗಿರುತ್ತಿತ್ತು.

ಮೊದಲ ಮನೆ ಕಲ್ಲವ್ವನದು. ಕುಷ್ಟಗಿ ಕಡೆಯವರು. ಮೂವತ್ತೈದರ ಆಸುಪಾಸು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಹಿಂದಿನ ದಿನ ಫೋನ್ ಮಾಡಿ ಹೇಳಿದ್ದೆ. ಹೋದಾಗ ಕೋಣೆಯ ನಟ್ಟನಡುವೆ ನೀಲಿ ಪ್ಲಾಸ್ಟಿಕ್ ಕುರ್ಚಿ, ಅದರ ಎದುರಿಗೆ ಗರಗರ ತಿರುಗುವ ಟೇಬಲ್ ಫ್ಯಾನು ಇದ್ದವು.

"ಬರ್ರಿ ಅಕ್ಕಾರ, ಕುಂದರ್ರಿ."

"ಪರವಾಗಿಲ್ಲ, ನಿಂತೇ ಕೇಳ್ತೀನಿ."

"ನಿಂತ ಮಾತಾಡಿಸಿ ಕಳಿಸಿದ್ರ ನಮಗ ಚಲೋ ಅನಸ್ತೈತೇನ್ರಿ? ಕುಂದರ್ರಿ."

ಕುಳಿತೆ. ಕುರ್ಚಿಯ ಬೆನ್ನು ಸೀಳಿದ್ದ ಕಡೆ ಯಾರೋ ತಂತಿಯಲ್ಲಿ ಹೊಲಿದಿದ್ದರು. ಅದರ ತುದಿ ನನ್ನ ತೋಳಿಗೆ ಗೀರಿತು. ಟ್ಯಾಬಿನಲ್ಲಿ ಒತ್ತಿದೆ: ಕುರ್ಚಿ, ಇದೆ. ಫ್ಯಾನು, ಇದೆ. ವರ್ಷದಲ್ಲಿ ಎಷ್ಟು ತಿಂಗಳು ಊರಲ್ಲಿ, ಎಷ್ಟು ತಿಂಗಳು ಇಲ್ಲಿ, ಯಾರು ಯಾವಾಗ ಬಂದರು ಎಂದೆಲ್ಲ ಕೇಳುತ್ತಾ ಹೋದೆ. ಕಲ್ಲವ್ವ ಉತ್ತರ ಹೇಳುತ್ತಾ ಹೊಸೆಯುತ್ತಲೇ ಇದ್ದರು. ನಡುನಡುವೆ ಬಲಗೈ ಕೊಡವಿಕೊಳ್ಳುತ್ತಿದ್ದರು. ಮಣಿಕಟ್ಟು ಊದಿಕೊಂಡಿತ್ತು. ದವಾಖಾನೆಯಲ್ಲಿ ಕೈಗೆ ವಿಶ್ರಾಂತಿ ಕೊಡಿ ಎಂದಿದ್ದರಂತೆ.

ಮಗಳು ರೇಣುಕಾ ಗೋಡೆಗೆ ಒರಗಿ ನಿಂತು ನನ್ನ ಟ್ಯಾಬನ್ನೇ ನೋಡುತ್ತಿದ್ದಳು. ಎಂಟನೇ ಕ್ಲಾಸು. ನಾನು ಒಂದು ಲೆಕ್ಕ ತಪ್ಪಿ ಒತ್ತಿದಾಗ, "ಅಕ್ಕಾರ, ಹನ್ನೊಂದು ತಿಂಗಳಲ್ರಿ, ಒಂಬತ್ತು," ಎಂದು ತಿದ್ದಿದಳು. ಎಷ್ಟು ಸಲ ಕೂಡಿದರೂ ಅವಳದೇ ಸರಿ.

"ಚುರುಕಿದಾಳೆ," ಎಂದೆ.

"ಚುರುಕ ಇದ್ರ ಏನ್ ಮಾಡೂದ್ರಿ," ಎಂದರು ಕಲ್ಲವ್ವ. ರೇಣುಕಾ ನೀರಿಗೆ ಹೊರಗೆ ಹೋದ ಮೇಲೆ ದನಿ ತಗ್ಗಿಸಿದರು. "ನನ್ನ ಕೈ ಹಿಂಗ ಆದ್ರ ಜೂನ್‌ದಾಗ ಅಕಿನ್ನೂ ಮಣಿ ಮ್ಯಾಲ ಕುಂದ್ರಸಬೇಕಾಗ್ತೈತಿ. ಹತ್ತನೇತ್ತ ಮುಗಿಸಲಿ ಅಂತ ನನಗೂ ಐತ್ರಿ. ನೋಡೂನು."

ಈ ಮನೆಗೆ ಆ ಹಣ ಬಂದರೆ ಈ ಹುಡುಗಿ ಎರಡು ವರ್ಷ ಮಣೆ ಮುಟ್ಟಬೇಕಿಲ್ಲ. ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು, ಸಹಿ ಹಾಕಿಸಿಕೊಂಡು ಎದ್ದೆ.

ಆಮೇಲೆ ಒಂದೂವರೆ ತಿಂಗಳು ಆ ವಠಾರಕ್ಕೆ ಹೋದೆ, ಬಂದೆ. ಒಬ್ಬೊಬ್ಬರಿಗೂ ಒಂದೊಂದು ಹೊತ್ತು ಬಿಡುವು. ಹಾಗಾಗಿ ಒಂದು ಸಲಕ್ಕೆ ಒಂದೇ ಮನೆ. ಪ್ರತಿ ಸಲವೂ ಮೊದಲೇ ಫೋನು, ಹೋದಾಗ ಕುರ್ಚಿ, ಫ್ಯಾನು, ಸ್ಟೀಲ್ ಲೋಟದಲ್ಲಿ ಚಹಾ. ಈ ಜನ ಪರವಾಗಿಲ್ಲ, ಅಷ್ಟೇನೂ ಕೆಳಗಿಲ್ಲ ಎಂದುಕೊಂಡು ಟ್ಯಾಬು ಒತ್ತುತ್ತಾ ಹೋದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಒಂದು ಮನೆ ಮುಗಿಯುವ ಮೊದಲೇ ಮುಂದಿನ ಮನೆಯ ಯೋಚನೆ. ಎಲ್ಲರ ಮನೆಯಲ್ಲೂ ಕುಳಿತೆ, ಯಾರ ಮನೆಯನ್ನೂ ನೆಟ್ಟಗೆ ನೋಡಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಆಲಿಕಲ್ಲು ಮಳೆ ಬಿತ್ತು. ನಾನು ಸ್ಕೂಟರ್ ನಿಲ್ಲಿಸಿ ವಠಾರದ ಕೊನೆಯ ಮನೆಗೆ ನುಗ್ಗಿದೆ. ಅದು ಟೈಲರ್ ಹಸೀನಾ ಆಂಟಿಯ ಮನೆ. ಅವರ ಸರದಿ ಮರುದಿನ ಇತ್ತು, ಫೋನ್ ಮಾಡಿರಲಿಲ್ಲ. ಆಂಟಿ ಮಿಷನ್ ಹಿಂದೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಜಾಕೀಟು ಹೊಲಿಯುತ್ತಿದ್ದರು.

"ಇದೇನ್ ಆಂಟಿ, ಬಕೆಟ್ ಮೇಲೆ?"

"ಏನ್ ಮಾಡೋದು ಮೇಡಂ? ಕುರ್ಚಿ ನಿಮ್ಮ ಹಿಂದೇನೇ ತಿರುಗ್ತಾ ಇದೆಯಲ್ಲ. ಇವತ್ತು ಮೂರ್ನೇ ಮನೆಯವರಿಗೆ ಸ್ಕೂಲ್‌ನಿಂದ ಟೀಚರ್ ಬರ್ತಾರೆ ಅಂತ ತಗೊಂಡ್ ಹೋದ್ರು. ಫ್ಯಾನೂ ಅಲ್ಲೇ."

ನನಗೆ ಮೊದಲು ಅರ್ಥವಾಗಲಿಲ್ಲ. ಮಳೆ ನಿಂತ ಮೇಲೆ ಮೂರನೇ ಮನೆಯವರು ಕುರ್ಚಿ ತಂದು ಕೊಟ್ಟರು. ನೀಲಿ ಕುರ್ಚಿ. ಬೆನ್ನಿಗೆ ತಂತಿಯ ಹೊಲಿಗೆ. ನಾನು ತೋಳು ನೋಡಿಕೊಂಡೆ. ಗೀರು ಎಂದೋ ಮಾಯ್ದಿತ್ತು.

ಎಂಟು ಮನೆಗಳಲ್ಲಿ ನಾನು ಎಂಟು ಕುರ್ಚಿ, ಎಂಟು ಫ್ಯಾನು ಬರೆದಿದ್ದೆ. ಇದ್ದದ್ದು ಒಂದೊಂದೇ, ಅವೂ ಹಸೀನಾ ಆಂಟಿಯವು. ಅವರು ಯಾರೂ ಸುಳ್ಳು ಹೇಳಿರಲಿಲ್ಲ. ಮನೆಗೆ ಬರುವವರನ್ನು ನೆಲದ ಮೇಲೆ ಕೂರಿಸಬಾರದು ಎಂದು ಪಕ್ಕದ ಮನೆಯಿಂದ ತಂದಿದ್ದರು, ನಮ್ಮ ಅಮ್ಮ ನೆಂಟರು ಬಂದಾಗ ಎದುರುಮನೆಯಿಂದ ಗಾಜಿನ ಲೋಟ ತರಿಸುವುದಿಲ್ಲವೇ, ಹಾಗೆ. ಇದು ನಿಮ್ಮದೇನಾ ಎಂದು ನಾನು ಕೇಳಿದ್ದರೆ ಏನು ಹೇಳುತ್ತಿದ್ದರೋ. ನಾನಂತೂ ಕೇಳಿರಲಿಲ್ಲ, ಅನುಮಾನವೇ ಬಂದಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆದಿದ್ದೆ. ಕಲ್ಲವ್ವನ ಮನೆ ಗೆರೆಗಿಂತ ಎರಡು ಅಂಕ ಮೇಲಿತ್ತು. ಕುರ್ಚಿ ಮತ್ತು ಫ್ಯಾನು ತೆಗೆದರೆ ಕೆಳಗೆ.

ಮೂರು ದಿನ ಊಟ ರುಚಿಸಲಿಲ್ಲ. ಹೇಳಿದರೆ ನನ್ನ ಒಂದೂವರೆ ತಿಂಗಳ ಕೆಲಸ ನೀರುಪಾಲು, ಹೇಳದಿದ್ದರೆ ಎಂಟು ಮನೆಗೆ ಅನ್ಯಾಯ. ನಾಲ್ಕನೆಯ ದಿನ ಶ್ರೀಕಂಠ ಸಾರ್ ಎದುರಿಗೆ ನಿಂತು ಒಂದೇ ಉಸಿರಿಗೆ ಹೇಳಿದೆ. ಅವರು ಮೊದಲು ಜೋರಾಗಿ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ವರ್ಷದಲ್ಲಿ ಇಂಥ ಎಷ್ಟು ಕುರ್ಚಿ ಬರ್ಕೊಂಡಿದೀನೋ," ಎಂದರು. "ನೀನು ಹೇಳಿದ್ದು ಒಳ್ಳೇದಾಯ್ತು ಪವಿತ್ರಾ. ಮಂಜುನ ಕಳಿಸ್ತೀನಿ, ಹೇಳದೆ ಕೇಳದೆ ಹೋಗಿ ಎಲ್ಲಾ ಮನೆ ಮತ್ತೆ ನೋಡ್ಕೊಂಡ್ ಬರ್ಲಿ. ಯಾಕೆ ಅಂತ ಅವನಿಗೂ ಹೇಳಲ್ಲ. ನೀನು ಮಾತ್ರ ಆ ವಠಾರಕ್ಕೆ ಹೋಗ್ಬೇಡ, ಫೋನೂ ಮಾಡ್ಬೇಡ. ಹೇಳಿಕೊಟ್ಟು ತೋರಿಸಿದ್ರೆ ಅದು ನಾಟಕ ಆಗುತ್ತೆ."

ಮಂಜು ನನ್ನ ಸಹೋದ್ಯೋಗಿ, ಬಸವೇಶ್ವರನಗರದ ಹುಡುಗ, ಹೇಳಿದ ಕೆಲಸ ಹೇಳಿದಂತೆ ಮಾಡುವವನು. ಎರಡು ದಿನ ಬಿಟ್ಟು ಹೋಗುತ್ತಾನೆ ಎಂದು ಗೊತ್ತಾಯಿತು. ಸಾರ್ ಹೇಳಿದ್ದು ನ್ಯಾಯವೇ. ಆದರೆ ನನಗೆ ತಡೆಯಲಾಗಲಿಲ್ಲ. ಆಫೀಸಿನ ಹಿಂದೆ ಹೋಗಿ ಕಲ್ಲವ್ವನಿಗೆ ಫೋನ್ ಮಾಡಿದೆ.

"ಕಲ್ಲವ್ವ, ನಮ್ಮ ಆಫೀಸಿಂದ ಒಬ್ಬ ಹುಡುಗ ಬರ್ತಾನೆ. ಹೇಳದೇನೇ ಬರ್ತಾನೆ. ಬಂದಾಗ ಕುರ್ಚಿ ತರಬೇಡಿ. ಫ್ಯಾನೂ ಬೇಡ. ಮನೆ ಹೇಗಿದೆಯೋ ಹಾಗೇ ಇರಲಿ."

"ನೆಲದ ಮ್ಯಾಲ ಕುಂದ್ರಸಲೇನ್ರಿ ಅವರನ್ನ?"

"ಕೂರಿಸಿ. ನನ್ನ ತಮ್ಮ ಇದ್ದ ಹಾಗೆ ಅವನು, ಬೇಜಾರು ಮಾಡ್ಕೊಳಲ್ಲ."

ಹೇಳಬಾರದ್ದನ್ನು ಹೇಳಿಯೇಬಿಟ್ಟೆ: ಗೆರೆಯ ವಿಷಯ, ಹಣದ ವಿಷಯ, ಆ ಹಣ ಬಂದರೆ ರೇಣುಕಾಳ ಓದು ಉಳಿಯುವ ವಿಷಯ.

"ಬಡವ್ರು ಅಂತ ತೋರಸಬೇಕೇನ್ರಿ," ಎಂದರು ಕಲ್ಲವ್ವ.

"ತೋರಿಸಬೇಡಿ. ಇರೋ ಹಾಗೆ ಇರಿ, ಸಾಕು."

"ಆತ್ರಿ. ಉಳಿದ ಮನಿಯವ್ರಿಗೂ ಹೇಳ್ತೀನಿ," ಎಂದು ಫೋನ್ ಇಟ್ಟರು. ಕಳ್ಳತನ ಮಾಡಿದವಳ ಹಾಗೆ ಸುತ್ತ ನೋಡಿಕೊಂಡು ಆಫೀಸಿನ ಒಳಗೆ ಬಂದೆ.

ಮೇ ಕೊನೆಯ ವಾರ ಪಟ್ಟಿ ಬಂತು. ಆ ವಠಾರದ ಆರು ಮನೆ ಗೆರೆಯ ಕೆಳಗೆ ಬಂದಿದ್ದವು. ಬೆರಳಿಟ್ಟು ಓದಿದೆ, ಮತ್ತೆ ಓದಿದೆ. ಕಲ್ಲವ್ವನ ಹೆಸರು ಇರಲಿಲ್ಲ. ಮಂಜುವಿನ ಮೇಜಿಗೆ ಹೋದೆ.

"ಒಂದನೇ ಮನೇಲಿ ಏನ್ ಕಂಡೆ?"

ಅವನು ಟ್ಯಾಬು ತೆಗೆದು ನೋಡಿದ. "ಕುರ್ಚಿ ಇದೆ, ಟೇಬಲ್ ಫ್ಯಾನ್ ಇದೆ. ಕೊನೇ ಮನೆಗೆ ಕೊಟ್ಟಿದ್ರಂತೆ, ನಾನ್ ಹೋದ್ಮೇಲೆ ವಾಪಸ್ ತಂದ್ರು. ನಿಮ್ದೇನಾ ಅಂತ ಕೇಳ್ದೆ ಕಣೇ, ಹೂಂ ಅಂದ್ರು. ಯಾಕೆ?"

ಸಾರ್ ಹತ್ತಿರ ಓಡಿದೆ. ಅದು ಹಸೀನಾ ಆಂಟಿಯ ಕುರ್ಚಿ ಎಂದೆ. ಅವರು ಬೇಸರದಿಂದಲೇ ಹೇಳಿದರು: "ಈ ಸಲ ಮಂಜು ಹೇಳದೆ ಕೇಳದೆ ಹೋಗಿ ನೋಡಿದಾನೆ. ಮನೆಯವರೇ ನಮ್ಮದು ಅಂದಿದಾರೆ. ಇನ್ನೇನ್ ಮಾಡ್ಲಿ ಹೇಳು?" ಇನ್ನೂ ಒತ್ತಾಯಿಸಬೇಕಾದರೆ ನಾನು ಫೋನ್ ಮಾಡಿದ್ದನ್ನು ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಂಡರೆ ಆ ಆರು ಮನೆಗಳೂ ಪಟ್ಟಿಯಿಂದ ಹೋಗುತ್ತಿದ್ದವು. ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ. ಆ ಮುಚ್ಚಿಕೊಂಡ ಬಾಯಿಯನ್ನು ಎಲ್ಲಾದರೂ ತೆರೆಯಲೇಬೇಕಿತ್ತು, ಸ್ಕೂಟರ್ ನೇರ ವಠಾರಕ್ಕೆ ಹೋಯಿತು.

ಕಲ್ಲವ್ವ ಬಾಗಿಲಲ್ಲಿ ಹೊಸೆಯುತ್ತಿದ್ದರು. ಹೆಲ್ಮೆಟ್ಟೂ ತೆಗೆಯದೆ ಕೇಳಿದೆ.

"ಯಾಕೆ ಹಾಗ್ ಮಾಡಿದ್ರಿ? ಅಷ್ಟು ಹೇಳಿದ್ನಲ್ಲ, ಕುರ್ಚಿ ತರಬೇಡಿ ಅಂತ?"

ಅವರು ನನ್ನ ಮುಖ ನೋಡಿದರು, ಹೊಸೆಯುವುದು ನಿಲ್ಲಲಿಲ್ಲ. "ನಾನ ತಂದೆರಿ."

"ಅದೇ ಯಾಕೆ?"

"ಹಂಗ ಆತ್ರಿ."

"ಹಂಗ ಆತು ಅಂದ್ರೇನು? ಉಳಿದವರೆಲ್ಲ ಸುಮ್ನಿರಲಿಲ್ವಾ? ನಿಮಗೊಬ್ರಿಗೇನಾ ಮರ್ಯಾದೆ ಇರೋದು? ನನ್ನ ಕೆಲಸ ಹೋದ್ರೂ ಹೋಗ್ಲಿ ಅಂತ ಫೋನ್ ಮಾಡಿದೆ ನಾನು. ಯಾರಿಗೋಸ್ಕರ? ಆ ಹುಡುಗಿಗೋಸ್ಕರ. ಆ ಕುರ್ಚಿಯಿಂದ ರೇಣುಕಾ ಓದು ಹೋಯ್ತು ಕಲ್ಲವ್ವ. ನಿಮ್ಮ ಜಂಬ ನಿಮ್ಮ ಮಗಳ ಓದು ತಿಂದುಹಾಕ್ತು."

ನೀರು ಹಿಡಿಯುತ್ತಿದ್ದವರು ನಲ್ಲಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ನನ್ನ ದನಿ ನಾಲ್ಕು ಬೀದಿ ದಾಟಿ ನಮ್ಮ ಮನೆಗೂ ಕೇಳಿಸಿರಬೇಕು. ಕಲ್ಲವ್ವ ಒಂದೇ ಮಾತು ಹೇಳಿದರು. "ತಪ್ಪಾತ್ರಿ ಅಕ್ಕಾರ. ಮೆಲ್ಲಕ ಮಾತಾಡ್ರಿ." ಅದರಿಂದ ನನಗೆ ಇನ್ನೂ ರೇಗಿತು. ಈಗಲೂ ಇವರಿಗೆ ನಾಲ್ಕು ಜನ ಏನೆನ್ನುತ್ತಾರೆ ಎಂಬುದೇ ಚಿಂತೆ ಎಂದುಕೊಂಡು, ಸ್ಕೂಟರ್ ತಿರುಗಿಸಿ ಬಂದೆ.

ಜೂನ್‌ನಲ್ಲಿ ಹಣ ಹೋಗತೊಡಗಿದ ಮನೆಗಳಿಗೆ ಮಂಜು ತಿಂಗಳಿಗೊಮ್ಮೆ ಹೋಗುತ್ತಿದ್ದ. ಒಂದು ದಿನ ಅವನೇ ಹೇಳಿದ, ಒಂದನೇ ಮನೆಯ ಹುಡುಗಿ ಸ್ಕೂಲು ಬಿಟ್ಟು ಬತ್ತಿ ಹೊಸೆಯೋಕೆ ಕೂತಿದ್ದಾಳೆ ಎಂದು. ನಾನು ಅಂದುಕೊಂಡಂತೆಯೇ ಆಯಿತು ಎಂಬ ಒಂದು ಕೆಟ್ಟ ಸಮಾಧಾನ ಆಯಿತು ನನಗೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮಳೆಗಾಲ ಮುಗಿಯುವ ಮೊದಲೇ ಆ ಕೆಲಸ ಬಿಟ್ಟೆ. ಈಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬಡತನದ ಅಳತೆಯ ಪಾಠ ಬಂದಾಗಲೆಲ್ಲ ಈ ಕುರ್ಚಿಯ ಕತೆ ಹೇಳುತ್ತೇನೆ, ಹುಡುಗರು ನಗುತ್ತಾರೆ. ಕೊನೆಯಲ್ಲಿ, ಸ್ವಾಭಿಮಾನಕ್ಕೆ ಎಂಥ ಬೆಲೆ ತೆರಬೇಕಾಗುತ್ತದೆ ನೋಡಿ ಎಂದು ಮುಗಿಸುತ್ತಿದ್ದೆ. ನಾಲ್ಕು ವರ್ಷ ಹಾಗೇ ಮುಗಿಸಿದೆ.

ಮೆಟ್ರೋದಲ್ಲಿ ಆ ವಾಸನೆ ಬಂದ ಮೇಲೆ ಎರಡು ವಾರ ಕೈಗೆ ಹಿಡಿದ ಕೆಲಸವೆಲ್ಲ ಅರ್ಧಕ್ಕೇ ನಿಂತಿತು. ಕಲ್ಲವ್ವನಿಗೆ ಅಷ್ಟು ಕೂಗಾಡಬಾರದಿತ್ತು, ಒಂದು ಮಾತು ಹೇಳಿ ಬಂದುಬಿಡೋಣ ಎನ್ನಿಸಿತು. ಭಾನುವಾರ ಅಪ್ಪನನ್ನು ನೋಡಲು ಹೋದವಳು ಹಾಗೇ ನಾಲ್ಕು ಬೀದಿ ನಡೆದೆ.

ಪಕ್ಕದಲ್ಲಿ ಐದು ಮಹಡಿಯ ಪಿ.ಜಿ. ಎದ್ದಿತ್ತು. ವಠಾರ ಹಾಗೇ ಇತ್ತು. ಮೊದಲ ಮನೆಯ ಬಾಗಿಲಲ್ಲಿ ಒಬ್ಬ ಹುಡುಗಿ ಹೊಸೆದ ಬತ್ತಿಗಳನ್ನು ಕಟ್ಟು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಸರ್ವೇ ಅಕ್ಕಾರಲ್ಲೇನ್ರಿ?"

"ರೇಣುಕಾ. ಎಷ್ಟು ಎತ್ತರ ಆಗಿದೀಯಾ. ಅವ್ವ ಎಲ್ಲಿ?"

"ಊರಿಗೆ ಹೋಗ್ಯಾಳ್ರಿ, ಚಿಗವ್ವನ ಮಗಳ ಹೆರಿಗಿಗೆ. ಒಳಗ ಬರ್ರಿ."

ಒಳಗೆ ಹೋಗುವ ಧೈರ್ಯ ಆಗಲಿಲ್ಲ. ಬಾಗಿಲಲ್ಲೇ ನಿಂತು, ಬಂದ ಕೆಲಸ ಮುಗಿಸಿಬಿಡುವ ಆತುರದಲ್ಲಿ ಹೇಳಿದೆ. "ಅವತ್ತು ನಿಮ್ಮವ್ವನ ಮೇಲೆ ತುಂಬಾ ಕೂಗಾಡಿಬಿಟ್ಟೆ ಕಣಮ್ಮ. ಕುರ್ಚಿ ತಂದ್ರು ಅಂತ. ತಪ್ಪು ನಂದು. ಅವರಿಗೆ ಹೇಳು."

ರೇಣುಕಾ ಕೈಯಲ್ಲಿದ್ದ ದಾರ ಕೆಳಗಿಟ್ಟಳು.

"ಕುರ್ಚಿ ತಂದಾಕಿ ಅವ್ವ ಅಲ್ರಿ. ನಾನು."

"ನೀನಾ?"

"ಅವತ್ತ ನಾ ನೀರಿಗೆ ಹೋಗಿದ್ನಿರಿ. ಬಂದು ನೋಡಿದ್ರ ನಿಮ್ಮ ಆಫೀಸಿನ ಅಣ್ಣ ನೆಲದ ಮ್ಯಾಲ ಕುಂತಿದ್ದ, ಅಂಗಿ ಎಲ್ಲಾ ಬೆವರು. ಅವ್ವ ಮಾತಿಲ್ಲದ ಕುಂತಾಳ. ಬಂದವ್ರಿಗೆ ಕುರ್ಚಿ ಹಾಕಲಾರದಷ್ಟು ಏನಾಗೇತಿ ಅವ್ವಗ ಅಂತ ನನಗ ಸಿಟ್ಟ ಬಂತ್ರಿ. ಹಸೀನಾ ಆಂಟಿ ಕಡೆ ಹೋಗಿ ಕುರ್ಚಿ ತಂದೆ, ಫ್ಯಾನೂ ತಂದೆ. ಅವ್ವ ಬ್ಯಾಡ ಅಂತ ಕಣ್ಣ ಮಾಡಿದ್ಲು, ನನಗ ತಿಳೀಲಿಲ್ಲ. ನಿಮ್ದೇನಾ ಅಂತ ಆ ಅಣ್ಣ ಕೇಳಿದ. ಅವ್ವ ಬಾಯಿ ತೆಗಿಯೂದ್ರಾಗ ನಾನ ಹೂಂ ಅಂದೆ. ಆಂಟಿಗೆ ಕೊಟ್ಟಿದ್ವಿ ಅಂತನೂ ಹೇಳಿದೆ."

"ನಿಂಗೆ ಮೊದಲೇ ಹೇಳಿರಲಿಲ್ವಾ ಅವ್ವ, ನಾನು ಫೋನ್ ಮಾಡಿದ್ದು?"

"ಇಲ್ರಿ. ಮಕ್ಕಳ ಮುಂದ ಹೆಂಗ ಹೇಳ್ತಾಳ್ರಿ ಅದನ್ನ?"

ತಾಯಿ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರು. ಮೆಲ್ಲಗೆ ಮಾತಾಡಿ ಎಂದದ್ದು ಮಗಳಿಗೆ ಕೇಳಿಸಬಾರದೆಂದು. "ಹಾಗಾದ್ರೆ ನಿಂಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ನೀವು ಬಂದ ದಿನ ನಾ ಹಸೀನಾ ಆಂಟಿ ಮನ್ಯಾಗ ಜಾಕೀಟಿಗೆ ಗುಂಡಿ ಹಚ್ಚಾಕತ್ತಿದ್ನಿರಿ. ನೀವು ಅಂದದ್ದೆಲ್ಲಾ ಕೇಳಿಸ್ತು. ಕುರ್ಚಿಯಿಂದ ಓದು ಹೋತು ಅಂದ್ರೆಲ್ಲ. ಅವ್ವ ನಾನ ತಂದೆ ಅಂದ್ಲು. ನಾ ಹೊರಗ ಬರಲಿಲ್ಲ." ದಾರ ಮತ್ತೆ ಕೈಗೆತ್ತಿಕೊಂಡಳು. "ಸಾಲಿ ಚಾಲೂ ಆದ ದಿನ ಅವ್ವ ನನ್ನ ಡ್ರೆಸ್ ತೊಳದು ಮಡಚಿ ಇಟ್ಟಿದ್ಲು. ಕೈ ಬಾತ ಇತ್ತು, ಹಂಗ ಹೊಸೀತಿದ್ಲು. ನಾ ಡ್ರೆಸ್ ಹಾಕ್ಕೊಳ್ಳಲಿಲ್ರಿ. ಹೋಗಿ ಮಣಿ ಮ್ಯಾಲ ಕುಂತೆ."

"ಅವ್ವ ಕಳಿಸ್ತಿದ್ರಾ ಸ್ಕೂಲಿಗೆ? ಆ ಹಣ ಬರದೇ ಇದ್ರೂ?"

"ಕಳಸ್ತಿದ್ಲುರಿ."

ಪಿ.ಜಿ.ಯ ಮೇಲಿಂದ ಯಾರೋ ಬಟ್ಟೆ ಕೊಡವಿದರು. ಫೋನ್ ತೆಗೆದು, ಅವ್ವನ ನಂಬರು ಹಳೆಯದೇನಾ ಎಂದೆ. ಈಗಲೇ ಮಾತಾಡಿಬಿಡುತ್ತೇನೆ ಎಂದೆ.

ರೇಣುಕಾ ನನ್ನ ಕೈ ಹಿಡಿದಳು. "ಬ್ಯಾಡ್ರಿ ಅಕ್ಕಾರ. ನಾ ಕೇಳಿಸ್ಕೊಂಡಿದ್ದು ಅವ್ವಗ ಇವತ್ತಿಗೂ ಗೊತ್ತಿಲ್ಲ. ಓದಾಕ ಮನಸಿಲ್ಲ ಅಂತ ಹೇಳೀನಿ. ಅದನ್ನ ನಂಬ್ಯಾಳ."

ನಂಬರು ಅದೇ. ದಿನಕ್ಕೊಂದು ಸಲವಾದರೂ ತೆಗೆದು ನೋಡುತ್ತೇನೆ. ಕ್ಷಮಿಸಿ ಎಂದರೆ ಯಾತಕ್ಕೆ ಎಂದು ಕಲ್ಲವ್ವ ಕೇಳುತ್ತಾರೆ, ಮತ್ತೆ ಮುಚ್ಚಿಡುತ್ತೇನೆ.